ಕನ್ಸೆಷನ್ ನೈನ್ ಬ್ಯಾಂಡಿನ ಪೇಟಿ

೧೩ ಫೆಬ್ರುವರಿ ೨೦೧೭, ಸೋಮವಾರ

ಒಶಾವಾದ ಕೆಲಸದ ಮೊದಲ ದಿನ. ಹನ್ನೊಂದು ರಟ್ಟಿನ ಡಬ್ಬ ತೆರೆದೆ, ಹನ್ನೊಂದನ್ನೂ ಮುಚ್ಚಿದೆ. ಕೂತಲ್ಲಿ ಕೂರಲಾಗದೆ ನಾಲ್ಕು ಸಲ ನೀರು ಕುಡಿಯಲು ಎದ್ದೆ. ಐದನೆಯ ಸಲ ಎದ್ದಾಗ ಮೇಲಧಿಕಾರಿ ಡೊರೀನ್ ಹುಷಾರಿದ್ದೀಯಾ ಎಂದು ಕೇಳಿದರು. ತಲೆಯಾಡಿಸಿದೆ. ಇಡೀ ದಿನದಲ್ಲಿ ನಾನು ಕೊಟ್ಟ ದೊಡ್ಡ ಉತ್ತರ ಅದೇ.

ಊರಿನ ಹಳೆಯ ಕಾಗದಪತ್ರ ಇಡುವ ಸಣ್ಣ ಸಂಗ್ರಹಾಲಯ ಇದು. ಜೂನ್ ಕೊನೆಯವರೆಗೆ ನನ್ನ ಕಾಂಟ್ರಾಕ್ಟು. ಕನ್ಸೆಷನ್ ನೈನ್ ಎಂಬ ಬ್ಯಾಂಡಿನ ಫೋಟೋ, ಪತ್ರ, ಪೋಸ್ಟರುಗಳಿಗೆ ನಂಬರು ಹಾಕಿ ಒಂದೊಂದಕ್ಕೂ ಎರಡು ಸಾಲಿನ ವಿವರ ಬರೆಯಬೇಕು. ಒಶಾವಾದ ಉತ್ತರಕ್ಕೆ ಹೊಲಗಳ ನಡುವೆ ಹೋಗುವ ಒಂದು ರಸ್ತೆಯ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡವರು ಇವರು. ಹಳ್ಳಿಗಾಡಿನ ಕಂಟ್ರಿ ಹಾಡಿಗೆ ರಾಕ್ ಸಂಗೀತದ ಡ್ರಮ್ಮು, ಕರೆಂಟಿನ ಗಿಟಾರು ಬೆರೆಸಿದವರಲ್ಲಿ ಈ ಕಡೆಗೆ ಇವರೇ ಮೊದಲಿಗರಂತೆ. ೧೯೭೧ರಲ್ಲಿ ಒಂದೇ ಒಂದು ರೆಕಾರ್ಡು ಬಂತು. ಮರುವರ್ಷ ಬ್ಯಾಂಡೇ ಇಲ್ಲ. ಹಾಡುಗಾರ ರಸ್ ಹಸು ಸಾಕುತ್ತಿದ್ದವನು, ತೀರಿಕೊಂಡು ಎಂಟು ವರ್ಷವಾಯಿತು. ಆ ರೆಕಾರ್ಡು ಈ ಶರತ್ಕಾಲಕ್ಕೆ ಮತ್ತೆ ಅಚ್ಚಾಗುತ್ತದೆ. ಅದರ ಜೊತೆಗೆ ಇಲ್ಲೊಂದು ಪ್ರದರ್ಶನ.

ಜ್ಯೋತ್ಸ್ನಾ ಅಕ್ಕನಿಗೆ ಕೆಲಸ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ. ನಾವಿಬ್ಬರೂ ಇರುವ ಅರೋರಾದಿಂದ ಅವಳ ಕಾರಿನಲ್ಲೇ ಬಂದು ಹೋಗುವುದು. ಸಾಹಿತ್ಯದಲ್ಲಿ ಎಂ.ಎ. ಮಾಡಿ ಕೊನೆಗೂ ಎರಡು ಸಾಲಿನ ಸಾಹಿತ್ಯ ಬರೆಯುವ ಕೆಲಸ ಸಿಕ್ಕಿತಲ್ಲ ಎಂದು ದಾರಿಯುದ್ದಕ್ಕೂ ನಕ್ಕಳು.

ಧಾರವಾಡದ ಪಿಎಚ್.ಡಿ. ಅರ್ಜಿಗೆ ಜೂನ್ ಹದಿನೈದು ಕೊನೆಯ ದಿನ. ಜುಲೈಯಲ್ಲಿ ಕೆನಡಾ ಬಿಟ್ಟು ವಾಪಸು ಹೋಗುವುದು ನಿಶ್ಚಯ.

೧೬ ಫೆಬ್ರುವರಿ, ಗುರುವಾರ

೩೧೭ನೆಯ ಫೋಟೋ. ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನಲ್ಲಿ ತೆಗೆದದ್ದು. ಎಡಕ್ಕೆ ರಸ್, ಹಿಂದೆ ಡ್ರಮ್ಮು, ಬಲಕ್ಕೆ ಉದ್ದ ಕೂದಲಿನ ಬೇಸ್ ಗಿಟಾರಿನವನು. ಅವನ ಹೆಸರು ಲಾರ್ನ್. ಮುಂದೆ ಕುರ್ಚಿಯ ಮೇಲೆ ಕೂತು ಬಗ್ಗಿರುವವನು ಸ್ಟೀಲ್ ಗಿಟಾರ್ ನುಡಿಸುತ್ತಿದ್ದಾನೆ. ಮೇಜಿನಂತೆ ಅಡ್ಡ ಇಟ್ಟು, ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವ ಗಿಟಾರು ಅದು. ಮುಖ ಕಾಣುವುದಿಲ್ಲ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲು. ರೆಕಾರ್ಡಿನ ಕವರಿನ ಮೇಲೆ ಎಲ್ಲರ ಹೆಸರೂ ಇದೆ, ಇವನದಿಲ್ಲ. "ಸ್ಟೀಲ್ ಗಿಟಾರ್: ಒಬ್ಬ ಗೆಳೆಯ" ಎಂದಷ್ಟೇ.

ಫೋಟೋದ ಹಿಂಬದಿಯಲ್ಲಿ ಯಾರೋ ಸ್ವಯಂಸೇವಕರು ಪೆನ್ಸಿಲಿನಲ್ಲಿ ಬರೆದಿದ್ದಾರೆ: ಗುರುತು ಸಿಗದ ವಾದಕ, ಬಹುಶಃ ಹವಾಯಿಯವನು, ಪಕ್ಕದಲ್ಲಿ ಅಕಾರ್ಡಿಯನ್.

ಅದು ಅಕಾರ್ಡಿಯನ್ ಅಲ್ಲ, ನಮ್ಮ ಪೇಟಿ. ನಮ್ಮ ಕಡೆ ಮಠದಲ್ಲಿ, ಭಜನೆಯಲ್ಲಿ, ನಾಟಕದಲ್ಲಿ ಎಲ್ಲೆಲ್ಲೂ ಇರುವ ಹಾರ್ಮೋನಿಯಂ. ಭೂತಗನ್ನಡಿ ಹಿಡಿದೆ. ಮುಂದಿನ ಹಲಗೆಯ ಮೇಲೆ ಬಿಳಿ ಬಣ್ಣದ ಅಕ್ಷರ, ಅರ್ಧ ಕಾಣುತ್ತವೆ, ಕನ್ನಡದವು. "ಪೇಟಿ ರಿಪೇರಿ, ದುರ್ಗದ ಬೈಲ, ಹುಬ್ಬ" ಎಂದಿದೆ.

ಎದ್ದು ನಿಂತೆ. ಡೊರೀನ್ ತಲೆಯೆತ್ತಿ ನೋಡಿದರು. ನೀರು ಕುಡಿಯಲು ಹೋದೆ.

೨ ಮಾರ್ಚ್, ಗುರುವಾರ

ಇನ್ನೂ ಹೇಳಿಲ್ಲ. ವಾಕ್ಯ ಸಿದ್ಧವಿದೆ, ಬಾಯಿ ತೆರೆಯುವ ಹೊತ್ತಿಗೆ ಅವರಿಗೆ ಫೋನ್ ಬರುತ್ತದೆ, ಅಥವಾ ಫೋನ್ ಬರಬಹುದು ಎಂದು ನನಗೆ ಅನ್ನಿಸುತ್ತದೆ.

ರೆಕಾರ್ಡನ್ನು ಮತ್ತೆ ಅಚ್ಚು ಹಾಕುವ ಕಂಪನಿಯ ಎಂಜಿನಿಯರ್ ಟ್ರೆವರ್ ಟೊರಾಂಟೋದಿಂದ ಬಂದಿದ್ದರು. ಮೊದಲ ಸಲ ಹಾಡುಗಳನ್ನು ಪೂರ್ತಿ ಕೇಳಿದೆ. ಕೇಳುತ್ತ ಕೂರಲಾಗಲಿಲ್ಲ. ಸ್ಟೀಲ್ ಗಿಟಾರು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನೇರ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡಿ ಆಮೇಲೆ ಬರುತ್ತದೆ.

ಈ ರೆಕಾರ್ಡಿನ ಹೆಸರುವಾಸಿ ದೋಷವನ್ನು ಟ್ರೆವರ್ ವಿವರಿಸಿದರು. ಇದರ ಸ್ವರಗಳು ಪಿಯಾನೋದ ಯಾವ ಕೀಲಿಗೂ ಕೂಡುವುದಿಲ್ಲ, ಎರಡು ಕೀಲಿಗಳ ನಡುವೆ ಬೀಳುತ್ತವೆ. ಅಚ್ಚು ಹಾಕುವಾಗ ಟೇಪು ಶೇಕಡ ಮೂರರಷ್ಟು ಜೋರಾಗಿ ಓಡಿದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವಂತೆ. ತಮಾಷೆ ಏನೆಂದರೆ, ಆ ಮೊನಚು ದನಿಗೆ ಮರುಳಾದ ಎಷ್ಟೋ ಬ್ಯಾಂಡಿನವರು ಮುಂದೆ ಬೇಕೆಂದೇ ತಮ್ಮ ಟೇಪು ಜೋರಾಗಿ ಓಡಿಸಿದರಂತೆ. ಈಗ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ನಲವತ್ತಾರು ವರ್ಷದ ತಪ್ಪು ಸರಿಯಾಗುತ್ತದೆ ಎಂದರು. ಒಳ್ಳೆಯದೇ ಎಂದುಕೊಂಡೆ.

೧೪ ಮಾರ್ಚ್, ಮಂಗಳವಾರ

ಡೊರೀನ್‌ಗೆ ಪೇಟಿಯ ವಿಷಯ ತಿಳಿಸಿದೆ. ಈಮೇಲಿನಲ್ಲಿ. ಅವರು ನನ್ನಿಂದ ಹನ್ನೆರಡು ಅಡಿ ದೂರ ಕೂತಿದ್ದರು. ಓದಿ, ಕನ್ನಡಕ ತೆಗೆದು ನನ್ನತ್ತ ನೋಡಿದರು. ಆ ಮನುಷ್ಯ ಯಾರೆಂದು ಹುಡುಕು ಎಂದು ಈಮೇಲಿನಲ್ಲೇ ಉತ್ತರ ಬರೆದರು.

೮ ಏಪ್ರಿಲ್, ಶನಿವಾರ

ಕನ್ನಡದವರ ಯುಗಾದಿ ಊಟ, ಮಿಸ್ಸಿಸಾಗಾದ ಒಂದು ಶಾಲೆಯ ಹಾಲಿನಲ್ಲಿ. ಅಕ್ಕ ಎಳೆದುಕೊಂಡು ಹೋದಳು. ಪರ್ಸಿನಲ್ಲಿ ಫೋಟೋದ ಪ್ರತಿ ಇತ್ತು. ಮೂರು ಜನ ಹಿರಿಯರ ಹತ್ತಿರ ಹೋಗಿ ಮೂರೂ ಸಲ ಉಪ್ಪಿನಕಾಯಿ ಎಲ್ಲಿದೆ ಎಂದು ಕೇಳಿ ಬಂದೆ. ಕೊನೆಗೆ ಅಕ್ಕ ನನ್ನ ಕೈಯಿಂದ ಫೋಟೋ ಕಿತ್ತು ಹೋಳಿಗೆ ಬಡಿಸುತ್ತಿದ್ದ ಒಬ್ಬರ ಮುಂದೆ ಹಿಡಿದಳು. ಅವರ ಹೆಸರು ಲೀಲಮ್ಮ, ನರ್ಸ್ ಆಗಿದ್ದು ನಿವೃತ್ತರಾದವರು, ಅರೋರಾದಲ್ಲೇ ಮನೆ.

ಲೀಲಮ್ಮ ಫೋಟೋದಲ್ಲಿ ಮುಖ ಹುಡುಕಲಿಲ್ಲ. ಅಂಗಿ ನೋಡಿದರು.

"ಈ ಕಾಲರ್ ನಾನ ಹೊಲದದ್ದು. ಈ ಅಂಗೀನೂ ನಾನ ಇಸ್ತ್ರಿ ಮಾಡೇನಿ" ಎಂದರು. ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. "ಮುಂದಿನ ಶನಿವಾರ ಮನಿಗೆ ಬಾ. ನಮ್ಮ ಮನಿಯವರಿಗೆ ಮೊದಲ ಹೇಳಬ್ಯಾಡ, ಬಾತ್‌ರೂಮಿನ್ಯಾಗ ಹೋಗಿ ಕುಂದರತಾರ."

೧೫ ಏಪ್ರಿಲ್, ಶನಿವಾರ

ಲೀಲಮ್ಮನ ಗಂಡನ ಹೆಸರು ನಿಜಗುಣ. ಎಪ್ಪತ್ತೆಂಟು ವರ್ಷ. ೬೬ರಲ್ಲಿ ಬಂದವರು, ಒಶಾವಾದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ನಾನು ಕಾಕಾ ಎಂದೆ; ಅವರಿಗೆ ಅದು ಹಿಡಿಸಿತು. ಫೋಟೋ ತೋರಿಸಿದ ಮೇಲೆ ಹಿಡಿಸಲಿಲ್ಲ.

"ಅದು ನಾ ಅಲ್ಲ" ಎಂದರು.

ಒಳಗಿನಿಂದ ಲೀಲಮ್ಮ ಕೂಗಿ ಕೇಳಿದರು. "ನೀವ ಅಲ್ಲಂದ್ರ ನಾ ಯಾರ ಅಂಗಿ ತೊಳದೆ? ಶನಿವಾರ ಶನಿವಾರ ಭಜನಿಗೆ ಹೊಂಟೇನಿ ಅಂತ ಹೇಳಿ ಹೋಗತಿದ್ರಲ್ಲ. ಭಜನಿಗೆ ಹೋದವರ ಅಂಗಿ ಸಿಗರೇಟ್ ವಾಸನಿ ಹೊಡೀತಿತ್ತು. ಯಾವ ದೇವರು ಅದು ಅಂತ ನಾ ಕೇಳಲಿಲ್ಲ."

ಕಾಕಾ ಚಹಾದ ಕಪ್ಪು ತಿರುಗಿಸಿದರು. ಆಮೇಲೆ ಸ್ವಲ್ಪ ಸ್ವಲ್ಪವೇ ಹೇಳಿದರು. ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಒಬ್ಬ ಗಾರ್ಡ್ ಅವರಿಗೆ ಈ ಗಿಟಾರು ಕಲಿಸಿದ್ದು. ತಂದೆಗೆ ಪೇಟಿ ರಿಪೇರಿಯ ಅಂಗಡಿ. ಮಗ ಕೆನಡಾಕ್ಕೆ ಹೊರಟಾಗ ತಂದೆ ತಾವೇ ಸ್ವರ ತಿದ್ದಿದ ಒಂದು ಪೇಟಿ ಕೊಟ್ಟು ಕಳಿಸಿದರು. ಕಾರ್ಖಾನೆಯ ಊಟದ ಕೋಣೆಯಲ್ಲಿ ಇವರು ಸಿಳ್ಳೆ ಹಾಕುವುದನ್ನು ಕೇಳಿ ಲಾರ್ನ್ ಶೆಡ್ಡಿಗೆ ಕರೆದುಕೊಂಡು ಹೋದ. ಎರಡು ವರ್ಷ ಪ್ರತಿ ಶನಿವಾರ ಸಂಜೆ ಹೆಂಡದಂಗಡಿಗಳಲ್ಲಿ ನುಡಿಸಿದರು. ಆಗ ಈ ಕಡೆ ಕನ್ನಡದವರ ಮನೆ ಹನ್ನೆರಡು. ಒಂದು ಮನೆಯ ಸುದ್ದಿ ತಿಂಗಳೊಳಗೆ ದುರ್ಗದ ಬೈಲಿಗೆ ಮುಟ್ಟುತ್ತಿತ್ತು. ಹೆಂಡದಂಗಡಿಯ ಸುದ್ದಿ ತಂದೆಗೆ ಮುಟ್ಟಬಾರದೆಂದು ಕವರಿನ ಮೇಲೆ ಹೆಸರು ಬೇಡ ಎಂದವರು ಇವರೇ.

ಈಗಲೂ ಬೇಡವಂತೆ. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಮಾತು ಕೊಡುವುದು ನನಗೆ ಸುಲಭ. ಅದಕ್ಕೆ ಬಾಯಿ ತೆರೆಯಬೇಕಿಲ್ಲ.

೨೯ ಏಪ್ರಿಲ್, ಶನಿವಾರ

ಕಾಕಾ ತಾವಾಗಿಯೇ ಕರೆಸಿದ್ದರು. ಬೇಸ್‌ಮೆಂಟಿನಲ್ಲಿ ಹಳೆಯ ಚಾದರದೊಳಗೆ ಪೇಟಿ ಇತ್ತು. ಮುಟ್ಟಲಿಲ್ಲ, ತೋರಿಸಿದರು. ನಾನು ಮಾತಿಗೆ ಮಾತು ಬಂದು ಟ್ರೆವರ್ ಹೇಳಿದ ಟೇಪಿನ ಕಥೆ ಹೇಳಿದೆ. ಖುಷಿಯಾಗಬಹುದು ಎಂದುಕೊಂಡಿದ್ದೆ.

"ಟೇಪ್ ಅಲ್ಲ ಅದು" ಎಂದರು. "ಪೇಟಿ."

ಶೆಡ್ಡಿನಲ್ಲಿ ಪಿಯಾನೋ ಇರಲಿಲ್ಲ. ಇವರಿಗೆ ಪೇಟಿಯ ಸ್ವರ ಕಿವಿಯಲ್ಲಿ ಇಟ್ಟುಕೊಳ್ಳದೆ ಗಿಟಾರು ಶ್ರುತಿ ಮಾಡಿ ಗೊತ್ತಿಲ್ಲ. ಹಾಗಾಗಿ ಇವರು ಪೇಟಿ ಒತ್ತುತ್ತಿದ್ದರು, ಉಳಿದವರು ಅದಕ್ಕೇ ತಂತಿ ಬಿಗಿದುಕೊಳ್ಳುತ್ತಿದ್ದರು. ತಂದೆ ಅದರ ಸ್ವರ ತಿದ್ದಿದ್ದು ನಾಟಕ ಕಂಪನಿಯೊಂದರ ಹಳೆಯ ಪೇಟಿಗೆ ಸರಿಯಾಗಿ. ಅದು ಇಲ್ಲಿನ ಪಿಯಾನೋಗಿಂತ ಅರ್ಧ ಕೀಲಿ ಏರು. ಸ್ಟುಡಿಯೋಕ್ಕೆ ಹೋಗುವಾಗಲೂ ಇವರು ಪೇಟಿ ಹೊತ್ತುಕೊಂಡೇ ಹೋದರು. ರೆಕಾರ್ಡು ಹಾಗೆಯೇ ಆಯಿತು. ಆಮೇಲೆ ಅಮೆರಿಕದ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಮುಂದೆ ಬಂತು, ಮೇಲೆ ಪಿಯಾನೋ ಸೇರಿಸಬೇಕೆಂದಿತು. ಪಿಯಾನೋ ಕೂಡಲಿಲ್ಲ. ಟೇಪು ಕೆಟ್ಟಿದೆ ಎಂದು ಹೇಳಿ ಅವರು ವಾಪಸು ಹೋದರು. ಬ್ಯಾಂಡು ಒಡೆಯಿತು. ಟೇಪು ಕೆಟ್ಟಿಲ್ಲ ಎಂದು ಗೊತ್ತಿದ್ದವರು ಇವರೊಬ್ಬರೇ ಎಂದು ಇವರ ನಂಬಿಕೆ. ಹೇಳಲಿಲ್ಲ. ಗಿಟಾರು ಮಾರಿದರು, ಕಾರ್ಖಾನೆ ಬಿಟ್ಟು ಬೇರೆ ಊರಿನಲ್ಲಿ ಕೆಲಸ ಹಿಡಿದರು.

"ಈಗ ತಿದ್ದತಾರಂದ್ರ ಛಲೋ ಆತು ತಂಗಿ. ತಿದ್ದಲಿ. ನನ್ನ ತಪ್ಪು ಅಲ್ಲಿಗೆ ಅಳಿಸಿಹೋಗತೈತಿ."

ಮನೆಗೆ ಬಂದ ಮೇಲೆ ಯಂಗ್ ಸ್ಟ್ರೀಟಿನಲ್ಲಿ ಒಂದು ಗಂಟೆ ಸುಮ್ಮನೆ ನಡೆದೆ. ಟೇಪಿನಲ್ಲಿ ತಪ್ಪಿಲ್ಲದಿದ್ದರೆ ಟ್ರೆವರ್ ತಿದ್ದುತ್ತಿರುವುದು ಏನನ್ನು?

೪ ಮೇ, ಗುರುವಾರ

ತಿದ್ದಿದ ಮೊದಲ ಹಾಡು ಕಳಿಸಿದ್ದಾರೆ. ರಸ್‌ನ ದನಿ ಜ್ವರ ಬಂದವನ ದನಿಯಾಗಿದೆ. ಅವನು ಇದ್ದಿದ್ದರೆ ಇದು ನನ್ನ ದನಿಯಲ್ಲ ಎನ್ನುತ್ತಿದ್ದ. ಇಲ್ಲ. ಹೇಳಬಲ್ಲವರು ಇಬ್ಬರು. ಒಬ್ಬರು ಹೇಳುವುದಿಲ್ಲ. ಇನ್ನೊಬ್ಬಳು ಮಾತು ಕೊಟ್ಟಿದ್ದಾಳೆ.

ನಾಲ್ಕು ಪೆನ್ಸಿಲು ಚೂಪು ಮಾಡಿದೆ. ಚೂಪಾಗಿದ್ದವನ್ನೇ.

೯ ಮೇ, ಮಂಗಳವಾರ

ಮೀಟಿಂಗು. ಟ್ರೆವರ್ ಸ್ಪೀಕರ್ ಫೋನಿನಲ್ಲಿದ್ದರು. ಎಲ್ಲ ಹಾಡುಗಳೂ ತಿದ್ದಿ ಆಗಿವೆ, ಮೇ ಹತ್ತೊಂಬತ್ತಕ್ಕೆ ಅಚ್ಚಿಗೆ ಹೋಗುತ್ತವೆ ಎಂದರು. ಡೊರೀನ್ ಸರಿ ಎಂದು ಬರೆದುಕೊಳ್ಳುತ್ತಿದ್ದರು. ಕೋಣೆಯಲ್ಲಿ ಯಾರೋ ಬೇಡ ಎಂದರು. ನಾನೇ. ದನಿ ಒಡೆದಿತ್ತು. ಯಾಕೆ ಎಂದು ಟ್ರೆವರ್ ಕೇಳಿದರು. ಟೇಪು ಸರಿಯಾಗಿಯೇ ಇದೆ ಎಂದೆ. ಪುರಾವೆ ಏನು ಎಂದರು. ಈಗ ಹೇಳಲಾರೆ ಎಂದೆ. ಹತ್ತೊಂಬತ್ತರೊಳಗೆ ತೋರಿಸಿದರೆ ನೋಡೋಣ, ಇಲ್ಲದಿದ್ದರೆ ತಿದ್ದಿದ್ದೇ ಹೋಗುತ್ತದೆ ಎಂದರು. ಒರಟಾಗಿ ಹೇಳಲಿಲ್ಲ.

ಆಮೇಲೆ ಡೊರೀನ್ ನನ್ನ ಮೇಜಿನ ಮೇಲೆ ಒಂದು ಬಿಸ್ಕಿಟ್ಟು ಇಟ್ಟು ಹೋದರು.



೧೩ ಮೇ, ಶನಿವಾರ

ಕಾಕಾನ ಮನೆಗೆ ಹೋಗಿದ್ದೆ. ಕೂರಲಿಲ್ಲ, ನಿಂತೇ ಮಾತಾಡಿದೆ. ಹತ್ತೊಂಬತ್ತರ ಮೊದಲು ನೀವು ಬಾಯಿ ಬಿಡದಿದ್ದರೆ ರಸ್‌ನ ದನಿ ಶಾಶ್ವತವಾಗಿ ಸುಳ್ಳಾಗುತ್ತದೆ ಎಂದೆ. ಕಾಕಾ ಟಿವಿಯ ದನಿ ಏರಿಸಿದರು. ಲೀಲಮ್ಮ ಬಂದು ಟಿವಿ ಆರಿಸಿದರು.

"ಕಾಕಾ, ನೀವು ಆ ರೆಕಾರ್ಡ್ ಒಮ್ಮೆಯರೆ ಕೇಳೀರೇನು?"

ಇಲ್ಲವಂತೆ. ಮನೆಯಲ್ಲಿ ಒಂದು ಪ್ರತಿಯೂ ಇಲ್ಲ. ನಲವತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಎಲ್ಲೆಲ್ಲಿಯದೋ ಬ್ಯಾಂಡಿನವರು ಆ ದನಿಗಾಗಿ ಬೇಕೆಂದೇ ಟೇಪು ಜೋರಾಗಿ ಓಡಿಸಿದ್ದನ್ನು ಹೇಳಿದೆ.

"ನನ್ನ ತಪ್ಪನ್ನ ಕಾಪಿ ಹೊಡದಾರ ಅಂತೀ" ಎಂದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ದನಿ ಮಾತು ಬಿಡು. ಲಾರ್ನ್ ಬೇಸ್ ನುಡಿಸೂದು ನೀ ಕೇಳೀದಿ. ಅಂಥ ಕೈ ಅದು. ನನ್ನ ಪೇಟಿ ಸಲುವಾಗಿ ಅಂವ ಮೂವತ್ತು ವರ್ಷ ಕಾರ್ಖಾನಿ ಲೈನ್ ಮ್ಯಾಲ ಬೋಲ್ಟ್ ತಿರುವಿದ. ಅವಗ ಇದನ್ನ ಯಾವ ಬಾಯಿಲೆ ಹೇಳಲಿ?"

ಲೀಲಮ್ಮ ಹೋಗಿ ಗ್ಯಾಸಿನ ಒಲೆ ಒರೆಸತೊಡಗಿದರು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಅಲ್ಲಿಗೆ ಅರ್ಧ ಮಾತು ಮುರಿದಂತಾಯಿತು. "ಆ ಲಾರ್ನ್ ಇನ್ನೂ ಅದಾನಲ್ಲ, ಚೈತೂ" ಎಂದಳು ಅಕ್ಕ.

೧೫ ಮೇ, ಸೋಮವಾರ

ಫೋನ್ ಮಾಡುವುದೆಂದರೆ ನನಗೆ ಆಗದ ಕೆಲಸ. ಮಾಡಿದೆ. ಸಂಗ್ರಹಾಲಯದ ಹಿಂದಿನ ಮೆಟ್ಟಿಲ ಮೇಲೆ ನಿಂತು ಲಾರ್ನ್‌ಗೆ ಮಾಡಿದೆ. ಒಶಾವಾದಲ್ಲೇ ಮಗಳ ಮನೆಯಲ್ಲಿದ್ದಾರೆ. ನಿಜಗುಣ ಎಂದೆ. ಕಾಲ್ ಕಡಿದುಹೋಯಿತೆಂದುಕೊಂಡೆ.

"ಬದುಕಿದ್ದಾನಾ?" ಎಂದರು.

ಗುರುವಾರ ಎರಡು ಗಂಟೆಗೆ ಸಂಗ್ರಹಾಲಯಕ್ಕೆ ಬರಲಾಗುತ್ತದೆಯೇ ಎಂದು ಕೇಳಿದೆ. ನಿಜಗುಣ ಬರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೂ ಹೇಳಿದೆ. ಮತ್ತೇನನ್ನೂ ಹೇಳಲಿಲ್ಲ. ಉಳಿದರ್ಧ ಮಾತೂ ಮುರಿಯಿತು.

೧೬ ಮೇ, ಮಂಗಳವಾರ

ಕಾಕಾನಿಗೆ ಫೋನ್ ಮಾಡಿ, ಮಾತು ಮುರಿದೆ, ಗುರುವಾರ ಲಾರ್ನ್ ಸಂಗ್ರಹಾಲಯಕ್ಕೆ ಬರುತ್ತಾರೆ ಎಂದು ಒಪ್ಪಿಕೊಂಡೆ. ಇಟ್ಟುಬಿಟ್ಟರು. ಇಡೀ ಮಧ್ಯಾಹ್ನ ಒಂದೇ ವಿವರವನ್ನು ಆರು ಸಲ ಬರೆದೆ. ಪೋಸ್ಟರು, ಹಳದಿ, ಅಂಚು ಹರಿದಿದೆ.

ಸಂಜೆ ಲೀಲಮ್ಮನ ಫೋನ್. "ಗುರುವಾರ ಎಷ್ಟ ಗಂಟೇಕ ಅಂದಿ?" ಅಷ್ಟೇ.

೧೮ ಮೇ, ಗುರುವಾರ

ಬರೆದೇ ಮಲಗಬೇಕು. ಅನುಕ್ರಮ ತಪ್ಪಬಾರದು.

ಪುರಾವೆ ನೋಡಲು ನಾನು ಕರೆಸಿದ್ದ ಟ್ರೆವರ್ ಒಂದೂವರೆಗೇ ಲ್ಯಾಪ್‌ಟಾಪ್ ಹಿಡಿದು ಬಂದರು. ಎರಡಕ್ಕೆ ಲಾರ್ನ್ ಬಂದರು. ಫೋಟೋದ ಉದ್ದ ಕೂದಲು ಹೋಗಿದೆ, ಕೈಯಲ್ಲಿ ಕೋಲು, ಬೆರಳ ಗೆಣ್ಣುಗಳು ಉಬ್ಬಿವೆ. ಎರಡೂ ಕಾಲಾಯಿತು, ಎರಡೂವರೆಯಾಯಿತು. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದೆ. ಡೊರೀನ್ ಬೇಡ ಎನ್ನಲಿಲ್ಲ.

ಎರಡೂ ಮುಕ್ಕಾಲಿಗೆ ಲೀಲಮ್ಮನ ಕಾರು. ಹಿಂದಿನ ಸೀಟಿನಲ್ಲಿ ಚಾದರ ಸುತ್ತಿದ ಪೇಟಿ, ಅದಕ್ಕೆ ಸೀಟ್‌ಬೆಲ್ಟು. ಪಕ್ಕದಲ್ಲಿ ಕಾಕಾ, ಬಿಳಿ ಅಂಗಿ ಹಾಕಿಕೊಂಡು ಅದನ್ನು ಹಿಡಿದು ಕೂತಿದ್ದರು.

ಬಾಗಿಲಲ್ಲಿ ಕಾಕಾ ನಿಂತರು. ಲಾರ್ನ್ ಕೋಲು ಊರಿ ಎದ್ದು ನಿಂತರು. ಇಬ್ಬರೂ ಮುಂದೆ ಬರಲಿಲ್ಲ.

"ತಡ ಮಾಡಿದೆ, ನಿಜ್" ಎಂದರು ಲಾರ್ನ್.

ಕಾಕಾ ಪೇಟಿಯನ್ನು ಮೇಜಿನ ಮೇಲೆ ಇಡಿಸಿದರು. ಅವರ ಎಡ ಮಣಿಕಟ್ಟಿಗೆ ಶಕ್ತಿಯಿಲ್ಲ, ಗಾಳಿಯ ತಿದಿ ಒತ್ತಲು ಆಗುವುದಿಲ್ಲ. ನನ್ನನ್ನು ಕರೆದರು. "ಒಂದ ಸಮ ಒತ್ತು. ಜಗ್ಗಬ್ಯಾಡ" ಎಂದರು. ಹಿಂದಿನ ತಿದಿಗೆ ಕೈ ಹಾಕಿದೆ. ಮೊದಲು ಬರೀ ಗಾಳಿ, ಧೂಳು. ಆಮೇಲೆ ಅವರು ಒಂದು ಕೀಲಿ ಒತ್ತಿದರು, ದನಿ ಬಂತು. ಟ್ರೆವರ್ ಮೂಲ ಟೇಪಿನ ಮೊದಲ ಹಾಡು ಹಾಕಿದರು. ಗಿಟಾರು ಬಾಗಿಲಲ್ಲಿ ನಿಂತು ಒಳಗೆ ಬಂತು, ಬಂದು ಪೇಟಿಯ ದನಿಯ ಮೇಲೆ ಕೂತಿತು. ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ. ಸಣ್ಣಗೆ ಅಲುಗಾಟ ಕೂಡ ಇಲ್ಲ. ತಿದ್ದಿದ ಹಾಡು ಹಾಕಿದರು. ಎರಡು ದನಿಗಳು ಒಂದನ್ನೊಂದು ತಳ್ಳಾಡಿದವು. ನನ್ನ ಹಲ್ಲು ಜುಮ್ಮೆಂದಿತು. ಟ್ರೆವರ್ ತಾವೇ ನಿಲ್ಲಿಸಿದರು.

ಆಗ ಕಾಕಾ ಇಂಗ್ಲಿಷಿನಲ್ಲಿ, ಕಾರ್ಖಾನೆಯ ವರದಿ ಓದಿದ ಹಾಗೆ ಎಲ್ಲ ಹೇಳಿದರು. ತಪ್ಪು ಟೇಪಿನದಲ್ಲ, ತಮ್ಮದು. ತಮ್ಮ ಪೇಟಿಯಿಂದಾಗಿ ಪಿಯಾನೋ ಕೂಡಲಿಲ್ಲ. ಕಂಪನಿ ಹೋಯಿತು, ಬ್ಯಾಂಡು ಹೋಯಿತು. ಆ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಲಾರ್ನ್ ಕಡೆ ನೋಡದೆ, ಪೇಟಿಯ ಕಡೆ ನೋಡಿ ಹೇಳಿದರು.

ಲಾರ್ನ್ ಕೂತರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಸ್ಟುಡಿಯೋದಲ್ಲಿ ಪಿಯಾನೋ ಇತ್ತಲ್ಲ, ನಿಜ್. ನಿನ್ನ ಬೆನ್ನ ಹಿಂದೆಯೇ. ನೀನು ಬರುವ ಮೊದಲೇ ನಾವು ಅದಕ್ಕೆ ಕೂಡಿಸಿಕೊಂಡು ಒಂದು ಹಾಡು ಹೇಳಿ ನೋಡಿದ್ದೆವು. ರಸ್ ಅರ್ಧಕ್ಕೆ ನಿಲ್ಲಿಸಿದ. ಇದಲ್ಲ, ನಿಜ್ ಬರಲಿ, ಆ ಪೆಟ್ಟಿಗೆ ಬರಲಿ ಅಂದ. ತಂತಿಯನ್ನು ಹೇಗೆ ಬೇಕಾದರೂ ಬಿಗಿಯಬಹುದು, ಆ ಪೆಟ್ಟಿಗೆಯನ್ನು ಆಗುವುದಿಲ್ಲ, ಬಗ್ಗುವವರು ನಾವು ಅಂದ. ನಮಗೆಲ್ಲ ಗೊತ್ತಿತ್ತು."

ಆದರೆ ಅಮೆರಿಕದವರು ವಾಪಸು ಹೋದರಲ್ಲ, ಎಂದರು ಕಾಕಾ.

ಅಮೆರಿಕದವರಿಗೆ ಬೇಕಿದ್ದದ್ದು ರಸ್ ಒಬ್ಬನೇ ಎಂದು ಲಾರ್ನ್ ಹೇಳಿದರು. ಹಸುಗಳನ್ನು ಬಿಟ್ಟು, ನಮ್ಮನ್ನು ಬಿಟ್ಟು ಬರುವುದಿಲ್ಲ ಎಂದು ಅವನು ಹಟ ಹಿಡಿದ. ಟೇಪು ಕೆಟ್ಟಿದೆ ಎಂಬುದು ಅವರು ಹೋಗುವಾಗ ಹೇಳಿದ ಮಾತು. ಬ್ಯಾಂಡು ಒಡೆದದ್ದು ಅದರಿಂದಲ್ಲ.

"ಮತ್ತೆ ಯಾತರಿಂದ?"

"ಮುಂದಿನ ಶನಿವಾರ ನೀನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಎಂಜಿನಿಯರ್ ಸಾಹೇಬನಿಗೆ ನಾವು ಸಾಲಲಿಲ್ಲ ಅಂದುಕೊಂಡೆವು. ಬೇರೆ ಇಬ್ಬರನ್ನು ಕರೆಸಿ ನೋಡಿದೆವು. ರಸ್ ಹಾಡಲಿಲ್ಲ."

ನಾನು ಇನ್ನೂ ತಿದಿ ಒತ್ತುತ್ತಲೇ ಇದ್ದೆ. ಯಾವ ಕೀಲಿಯೂ ಒತ್ತಿಲ್ಲ, ಬರೀ ಗಾಳಿ. ಲೀಲಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಕಾಕಾ ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ.

"ಮೂವತ್ತ ಮೈಲಿ" ಎಂದರು, ಕನ್ನಡದಲ್ಲಿ, ಯಾರಿಗೂ ಅಲ್ಲ. "ಮೂವತ್ತ ಮೈಲಿನ್ಯಾಗ ಇದ್ವಿ."

೩೦ ಮೇ, ಮಂಗಳವಾರ

ತಿದ್ದಿದ್ದನ್ನು ಕೈಬಿಟ್ಟರು. ಟೇಪಿನ ಹಿಂದೆ ಸಣ್ಣಗೆ ಕೇಳುವ ಕರೆಂಟಿನ ಗುಂಯ್ ಸದ್ದನ್ನು ಟ್ರೆವರ್ ಅಳೆದು ನೋಡಿದರಂತೆ, ಟೇಪು ಜೋರಾಗಿ ಓಡಿದ್ದರೆ ಅದೂ ಏರಿರಬೇಕಿತ್ತು, ಅದು ಇರಬೇಕಾದಷ್ಟೇ ಇದೆ, ಟೇಪಿನ ವೇಗ ಸರಿ. ಇದನ್ನು ಯಾರೂ ಇಷ್ಟು ವರ್ಷ ಯಾಕೆ ಅಳೆಯಲಿಲ್ಲ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿದ್ದ ವಿಷಯ ಎಂದು ಬಿಟ್ಟುಬಿಟ್ಟಿದ್ದೆವು ಎಂದರು. ಪುಸ್ತಿಕೆಯಲ್ಲಿ ಪೇಟಿಯ ಬಗ್ಗೆ ಎರಡು ಪುಟ ಬರೆಯಲು ನನಗೇ ಹೇಳಿದ್ದಾರೆ. ಎರಡು ಸಾಕಾಗುವುದಿಲ್ಲ, ನಾಲ್ಕು ಬೇಕು ಎಂದೆ.

ಹೆಸರು ಹಾಕುವ ವಿಷಯಕ್ಕೆ ಕಾಕಾನೇ ನಮ್ಮಲ್ಲಿಗೆ ಬಂದರು. ಕವರ್ ಮಾಡುವ ಹುಡುಗಿಯ ಜೊತೆ ನನ್ನ ಮೇಜಿನ ಫೋನಿನಲ್ಲೇ ಮಾತಾಡಿದರು. ಐವತ್ತು ವರ್ಷದಿಂದ ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಚಿಕ್ಕದು ಮಾಡಿ ನಿಜ್ ಎಂದು ಹಾಕಬಹುದೇ ಎಂದು ಅವಳು ಕೇಳಿರಬೇಕು.

"ನೋ. ಫುಲ್" ಎಂದರು.

೧೯ ಜೂನ್, ಸೋಮವಾರ

ನಾಲ್ಕು ಪುಟ ಆರಾಗಿದೆ. ಡೊರೀನ್ ಡಿಸೆಂಬರಿನವರೆಗೂ ಇರುತ್ತೀಯಾ ಎಂದು ಕೇಳಿದರು. ಶೆಡ್ಡಿನ ಜಾಗಕ್ಕೆ ಹೋಗಿ ನೋಡಬೇಕು, ಡ್ರಮ್ಮಿನವನ ಮಗಳು ಹತ್ತಿರದ ಊರು ಅಜಾಕ್ಸ್‌ನಲ್ಲಿದ್ದಾಳೆ, ಅವಳ ಹತ್ತಿರ ಪತ್ರಗಳಿವೆ, ಇಷ್ಟೆಲ್ಲ ಯಾವಾಗ ಮುಗಿಯುತ್ತದೆ ಎಂದೆ. ಅದನ್ನೇ ಉತ್ತರವೆಂದು ತೆಗೆದುಕೊಂಡು ಹೋದರು. ಧಾರವಾಡದ ಅರ್ಜಿ ಏನಾಯಿತು ಎಂದು ಅಕ್ಕ ಕೇಳಿದಾಗಲೇ ತಾರೀಖು ನೋಡಿದ್ದು, ಹದಿನೈದು ದಾಟಿಹೋಗಿತ್ತು.

೨೧ ಜೂನ್, ಬುಧವಾರ

ಕಾಕಾ ಇವತ್ತು ರೆಕಾರ್ಡು ಕೇಳಲು ಬಂದರು. ಲಾರ್ನ್ ಮೊದಲೇ ಬಂದು ಓದುವ ಕೋಣೆಯಲ್ಲಿ ಎರಡು ಕುರ್ಚಿ ಅಕ್ಕಪಕ್ಕ ಹಾಕಿಸಿದ್ದರು. ೭೧ರ ಮೂಲ ಪ್ರತಿಯನ್ನು ಕವಚದಿಂದ ತೆಗೆದು, ಒರೆಸಿ, ಮುಳ್ಳು ಇಟ್ಟೆ. ನಾಲ್ಕು ಗಂಟೆ ಹದಿನೈದು.

ಮೊದಲ ಹಾಡಿಗೆ ಕಾಕಾ ನೆಲ ನೋಡುತ್ತ ಕೂತಿದ್ದರು. ಎರಡನೆಯದಕ್ಕೆ ಬಲಗೈ ತೊಡೆಯ ಮೇಲೆ ಜಾರತೊಡಗಿತು. ಮೂರನೆಯದರಲ್ಲಿ ಲಾರ್ನ್ ಏನೋ ಪಿಸುಗುಟ್ಟಿದರು. ಕಾಕಾ ಮುಖ ಕಿವುಚಿ ಹೌದು, ಅಲ್ಲಿ ಜಾರಿತು ಎಂದು ಒಪ್ಪಿಕೊಂಡರು. ಅವಸರ ಮಾಡಿದ್ದು ನೀನಲ್ಲ, ಡ್ರಮ್ಮಿನವನು ಎಂದರು ಲಾರ್ನ್. ಇಬ್ಬರೂ ಸೇರಿ, ಸತ್ತುಹೋದ ಆ ಡ್ರಮ್ಮಿನವನನ್ನು ಚೆನ್ನಾಗಿ ಬೈದರು. ಮತ್ತೆ ಹಾಕು ಎಂದರು, ಹಾಕಿದೆ. ಇನ್ನೊಮ್ಮೆ ಎಂದರು. ನಾನು ಗೋಡೆಗೆ ಒರಗಿ ನಿಂತು, ಮುಳ್ಳು ಎತ್ತುವುದು ಇಡುವುದು ಮಾಡುತ್ತಿದ್ದೆ. ಹೊರಗೆ ಬಸ್ಸುಗಳು ಬಂದವು, ಹೋದವು.

ಐದು ಗಂಟೆಗೆ ಡೊರೀನ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತರು, ದೀಪದ ಸ್ವಿಚ್ಚಿಗೆ ಕೈ ಹಾಕಿದರು. ಮುದುಕರಿಬ್ಬರೂ ಗಮನಿಸಲಿಲ್ಲ. ನಾನು ಹೋಗಿ ಡೊರೀನ್ ಕೈಯಿಂದ ಬೀಗದ ಕೈ ತೆಗೆದುಕೊಂಡೆ.

ಇನ್ನೂ ಎರಡನೆಯ ಬದಿ ಇದೆ ಎಂದೆ.